ಮುದ್ದೆಯೊಳಗಿನ ಮಾತ್ರೆ

ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು ನನ್ನ ಕೆಲಸ. ಹೊಳೆನರಸೀಪುರ ತಾಲ್ಲೂಕು, ಹಳೇಕೋಟೆ ಹೋಬಳಿಯ ಒಂದು ಊರಿನ ಡೈರಿಯಲ್ಲಿ ಹದಿನಾಲ್ಕು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದೇನೆ. ಬೆಳಿಗ್ಗೆ ಒಂದು ಸರತಿ, ಸಂಜೆ ಇನ್ನೊಂದು. ಯಂತ್ರಗಳೆಲ್ಲ ಬರುವ ಮೊದಲು ಬೆರಳ ಮೇಲೆ ಒಂದು ಹನಿ ಬಿಟ್ಟುಕೊಂಡು, ಹೆಬ್ಬೆರಳಿನಿಂದ ಉಜ್ಜಿ ನೋಡಿಯೇ ನೀರೆಷ್ಟು ಹಾಲೆಷ್ಟು ಅಂತ ಹೇಳುತ್ತಿದ್ದೆ. "ಜಯಕ್ಕನ ಬೆರಳು ಸುಳ್ಳು ಹೇಳಾಕಿಲ್ಲ" ಅಂತ ನಮ್ಮೂರಲ್ಲಿ ಒಂದು ಮಾತೇ ಇದೆ. ಎದುರಿಗೆ ಹಾಗೆ ಹೊಗಳಿದವರೇ ಹಿಂದಿನಿಂದ ನನಗೆ ಶಾಪ ಹಾಕುತ್ತಾರೆ, ಅದು ಬೇರೆ ವಿಷಯ.

ಇಂಥ ನನಗೆ ನಮ್ಮ ಮನೆಯಲ್ಲೇ, ನನ್ನ ತಟ್ಟೆಗೇ, ಏಳು ತಿಂಗಳು ಬೆರೆಸಿ ಬಡಿಸಿದರು. ಬೆರೆಸಿದ್ದು ಔಷಧಿ. ಬೆರೆಸಿದವರು ನನ್ನ ಅತ್ತೆ ಪುಟ್ಟತಾಯಮ್ಮ. ಅತ್ತೆಯ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಅವರು ಈಗ ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಾ, "ಏನವ್ವ ಅಷ್ಟೊಂದು ಬರೀತಿದ್ದೀಯ, ನನ್ನ ಬಗ್ಗೆ ಒಸಿ ಚೆಂದಾಗಿ ಬರಿ" ಅನ್ನುತ್ತಿದ್ದಾರೆ. ತಲೆಯ ಕಾಯಿಲೆ ಬಂದವರು, ಅವರ ಮನೆಯವರು, ಅವರನ್ನು ನೋಡುವ ಡಾಕ್ಟರು ನರ್ಸುಗಳು, ಇವರಲ್ಲಿ ಯಾರಾದರೂ ಒಬ್ಬರು ಓದಿ ನಮ್ಮ ಹಾಗೇ ಇವರಿಗೂ ಆಯಿತಲ್ಲ ಅಂದುಕೊಂಡರೆ ನನಗೆ ಸಾಕು.

ಕಾಯಿಲೆ ಶುರುವಾದದ್ದು ನಿದ್ದೆ ಕೆಟ್ಟು. ಕೊರೋನಾ ಕಳೆದ ಮರುವರ್ಷ ಅದು. ಮಗಳು ಹಾಸನದ ಹಾಸ್ಟೆಲ್ ಸೇರಿದ್ದಳು. ಮನೆಯಲ್ಲಿ ನಾನು, ನಮ್ಮ ಯಜಮಾನರು ರಾಜೇಗೌಡರು, ಅತ್ತೆ, ಮೂರೇ ಜನ. ಹತ್ತು ಹದಿನೈದು ದಿನ ರೆಪ್ಪೆ ಮುಚ್ಚಲಿಲ್ಲ, ಆದರೂ ದಣಿವಿಲ್ಲ. ಡೈರಿಯಲ್ಲಿ ಜಿಡ್ಡು ಅಳೆಯುವ ಯಂತ್ರ ಪ್ರತಿ ಸ್ಯಾಂಪಲಿಗೂ ಒಂದು ಸಲ ಕುಂಯ್ ಎನ್ನುತ್ತದೆ. ಅದು ಒಂದು ದಿನ "ಜಯಾ" ಅಂದಿತು. ನಿಜ ಹೇಳಬೇಕೆಂದರೆ ಮೊದಲು ನನಗೆ ಖುಷಿಯೇ ಆಯಿತು, ಇಷ್ಟು ವರ್ಷ ಜೊತೆಯಲ್ಲಿ ದುಡಿದದ್ದಕ್ಕೆ ಹೆಸರು ಹಿಡಿದು ಕರೆಯಿತಲ್ಲ ಅಂತ. ಆಮೇಲೆ ಅದು ಬಯ್ಯತೊಡಗಿತು. ಹಾಲು ತಂದವರೆಲ್ಲ ನನ್ನ ವಿಷಯವನ್ನೇ ಪಿಸುಗುಟ್ಟುತ್ತಿದ್ದಾರೆ, ಕ್ಯಾನಿಗೆ ವಿಷ ಹಾಕಿದ್ದಾರೆ ಅನ್ನಿಸಿತು. ಒಂದು ಬೆಳಿಗ್ಗೆ ತುಂಬಿದ ಕ್ಯಾನನ್ನು ಚರಂಡಿಗೆ ಸುರಿದುಬಿಟ್ಟೆ. ಸಾಲಿನಲ್ಲಿದ್ದವರು ಒಬ್ಬರೂ ನಗಲಿಲ್ಲ. ಡೈರಿಯ ಸೆಕ್ರೆಟರಿ ಪುಸ್ತಕ ಮುಚ್ಚಿಟ್ಟು, "ಬಾ ಜಯಕ್ಕ, ಮನೆತಾವ ಬಿಡ್ತೀನಿ" ಅಂತ ಬೈಕಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟರು. ದಾರಿಯುದ್ದಕ್ಕೂ ಎಮ್ಮೆ ಕರು ಹಾಕಿದ ಸುದ್ದಿ ಮಾತಾಡಿದರು. ಆ ಮನುಷ್ಯನ ಋಣ ಇನ್ನೂ ನನ್ನ ಮೇಲಿದೆ.

ಅರಕಲಗೂಡಿನಿಂದ ನಮ್ಮಣ್ಣ ಓಡಿ ಬಂದ. ಎಲ್ಲಿಂದಲೋ ಮಂತ್ರಿಸಿ ತಂದ ದಾರವನ್ನು ನನ್ನ ತೋಳಿಗೆ ಕಟ್ಟಿ, ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದ. ಆಮೇಲೆ ಅವನೇ, "ಭಾವ, ದಾರದ ಪಾಡಿಗೆ ದಾರ ಇರ್ಲಿ, ಡಾಕ್ಟ್ರಿಗೂ ತೋರ್ಸಾಣ" ಅಂದ. ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅದರ ಹೆಸರಾಗಲಿ ಊರಾಗಲಿ ಇಲ್ಲಿ ಬೇಡ. ಅಂಥವು ಎಲ್ಲ ಕಡೆಯೂ ಇವೆ.

ಅಲ್ಲಿ ಡಾಕ್ಟರ ಎದುರಿಗೆ ಒಂದು ಕುರ್ಚಿ, ಒಂದು ಸ್ಟೂಲು. ಕುರ್ಚಿಯಲ್ಲಿ ನಮ್ಮ ಯಜಮಾನರನ್ನು ಕೂರಿಸಿದರು, ಸ್ಟೂಲಿನ ಮೇಲೆ ನನ್ನನ್ನು. "ನಿದ್ದೆ ಮಾಡ್ತಾರಾ?" ಅಂತ ಅವರನ್ನೇ ಕೇಳಿದರು. "ಊಟ ಮಾಡ್ತಾರಾ? ಒಬ್ಬರೇ ಮಾತಾಡ್ಕೋತಾರಾ?" ಅಂತಲೂ ಅವರನ್ನೇ ಕೇಳಿದರು. ನಾನು, "ಸಾ, ನಾನು ಇಲ್ಲೇ ಇದೀನಲ್ಲ" ಅಂದೆ. ಡಾಕ್ಟರು ನನ್ನ ಕಡೆ ನೋಡಿ ನಕ್ಕು, ಮತ್ತೆ ಅವರ ಕಡೆಗೇ ತಿರುಗಿ, "ಸಿಟ್ಟು ಜಾಸ್ತಿನಾ?" ಅಂದರು. ನನಗೆ ಆಗ ನಿಜವಾಗಿಯೂ ಸಿಟ್ಟು ಬಂತು, ಅದನ್ನೂ ಬರೆದುಕೊಂಡರು. ಹಾಲು ತಂದವರನ್ನು ಬಿಟ್ಟು ಹಸುವನ್ನೇ ಕೇಳು ಅಂದ ಹಾಗಾಗುತ್ತೇನೋ, ಆದರೂ ಹಸುವಿಗೆ ನೋವಾದರೆ ನಮ್ಮೂರ ಪಶು ಡಾಕ್ಟರು ಮೊದಲು ಹಸುವನ್ನೇ ಮುಟ್ಟಿ ನೋಡುತ್ತಾರೆ.

ಮಾತ್ರೆ ಕೊಟ್ಟರು. ನಾನು ನುಂಗಲಿಲ್ಲ. ಎರಡನೇ ಸಲ ಯಜಮಾನರು ಒಬ್ಬರೇ ಹೋಗಿ, ನುಂಗುತ್ತಿಲ್ಲ ಅಂತ ಹೇಳಿಕೊಂಡರು. ಮಾತ್ರೆ ಕೊಡುವ ಕಿಟಕಿಯಲ್ಲಿ ಕೂತವನು, "ಅದಕ್ಕ್ಯಾಕೆ ತಲೆ ಕೆಡಿಸ್ಕೋತೀರ? ಪುಡಿ ಮಾಡಿ ಊಟದಲ್ಲಿ ಹಾಕ್ಬಿಡಿ. ನಿಮ್ಮ ಮನೇಲಿ ಮುದ್ದೆ ತಾನೇ? ಮುದ್ದೆ ಅಗಿಯೋ ಹಂಗೇ ಇಲ್ಲ, ಗೊತ್ತೇ ಆಗಲ್ಲ" ಅಂದನಂತೆ. ನಮ್ಮವರು ಒಳಗೆ ಹೋಗಿ ಡಾಕ್ಟರನ್ನು ಕೇಳಿದರೆ ಅವರು ಬೇಡ ಅನ್ನಲಿಲ್ಲ, ತಲೆಯಾಡಿಸಿದರು. ನಾವು ಒಕ್ಕಲು ಮಕ್ಕಳು, ಹುಟ್ಟಿ ಹಲ್ಲು ಬರುವ ಮೊದಲೇ ಮುದ್ದೆ ನುಂಗುವುದನ್ನು ಕಲಿತವರು. ಈ ಉಪಾಯ ನಮ್ಮ ಮನೆಯವರಿಗೆ ದೇವರೇ ಹೇಳಿಕೊಟ್ಟ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕೆಲಸ ಅತ್ತೆಯ ಪಾಲಿಗೆ ಬಂತು. ಇಲ್ಲಿ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮವ್ವ ನನಗೆ ಒಂಬತ್ತು ವರ್ಷವಿದ್ದಾಗ ತೀರಿಕೊಂಡಳು. ಮದುವೆಯಾಗಿ ಬಂದಾಗ ನನಗೆ ಮುದ್ದೆ ಕಟ್ಟಲು ಬರುತ್ತಿರಲಿಲ್ಲ, ಗಂಟುಗಂಟಾಗುತ್ತಿತ್ತು. ಅತ್ತೆ ನನ್ನ ಹಿಂದೆ ಕೂತು, ನನ್ನ ಎರಡೂ ಕೈ ಹಿಡಿದು, ಎಸರಿಗೆ ಹಿಟ್ಟು ಬಿಡುವುದರಿಂದ ಕೋಲಿನಲ್ಲಿ ತೊಳಸುವವರೆಗೆ ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ಕಲಿಸಿದರು. ನನಗೆ ಬಾಣಂತನ ಮಾಡಿದ್ದು ಅವರು. ಗದರಿದ್ದೂ ಉಂಟು, ಊರಿಗೆಲ್ಲ ಕೇಳುವ ಹಾಗೆ. ಆದರೆ ನಾನು ಉಣ್ಣದೆ ಅವರು ಉಂಡವರಲ್ಲ.

ಔಷಧಿ ಒಳಗೆ ಹೋಗತೊಡಗಿದ ಮೇಲೆ ನನಗೆ ನಿದ್ದೆ ಬಂತು. ಯಂತ್ರದ ಬೈಗುಳ ಮೆಲ್ಲಮೆಲ್ಲಗೆ ಕಮ್ಮಿಯಾಯಿತು. ಇದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ತಿಂಗಳಲ್ಲಿ ನಾನು ಮತ್ತೆ ಡೈರಿಗೆ ಹೋಗಿ ಕೂರುವ ಹಾಗಾದೆ. ಆದರೆ ಬೆರಳೂ ಜೊತೆಗೇ ಹುಷಾರಾಯಿತಲ್ಲ! ತುತ್ತು ಮುರಿಯುವಾಗ ಒಂದು ಕಡೆ ಮಾತ್ರ ಹಿಟ್ಟು ತುಸು ಒರಟು. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಬಸ್ಸಾರಿನದ್ದಲ್ಲದ ಒಂದು ಕಹಿ. ಎಲ್ಲರ ಮುದ್ದೆಗೂ ತುಪ್ಪಕ್ಕೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿರುತ್ತಿದ್ದರು, ನನ್ನದಕ್ಕೆ ಎರಡು. ಅದನ್ನು ಒಲೆಯ ಪಕ್ಕ ಬೋಗುಣಿ ಮುಚ್ಚಿ ಬೇರೆಯೇ ಇಡುತ್ತಿದ್ದರು.

"ಅತ್ತೆ, ನನ್ನ ಮುದ್ದೆಗೆ ಏನೋ ಹಾಕ್ತಿದ್ದೀರ" ಅಂದೆ.

"ಅದೆಲ್ಲ ನಿನ್ನ ತಲೇಲೈತೆ ಕಣವ್ವ. ನಾನ್ಯಾಕೆ ಹಾಕ್ಲಿ?"

"ಕಹಿ ಐತೆ."

"ನಿನ್ನಾಣೆಗೂ ಏನೂ ಹಾಕಿಲ್ಲ" ಅಂದು ನನ್ನ ನೆತ್ತಿ ಮುಟ್ಟಿದರು.

ಅತ್ತೆ ನನ್ನ ನೆತ್ತಿ ಮುಟ್ಟಿ ಸುಳ್ಳು ಹೇಳುತ್ತಾರೆ ಅಂತ ನಾನು ಹೇಗೆ ನಂಬಲಿ? ಹಾಗಾದರೆ ನನ್ನ ಬೆರಳೇ ಸುಳ್ಳು, ನಾಲಿಗೆಯೇ ಸುಳ್ಳು ಅಂದುಕೊಂಡೆ. ಯಜಮಾನರೂ ಹಾಗೇ ಅಂದರು. ಕ್ಲಿನಿಕ್ಕಿನ ಡಾಕ್ಟರೂ, "ಆ ಸಂಶಯ ಇನ್ನೂ ಹೋಗಿಲ್ಲವಾ?" ಅಂತ, ನನ್ನನ್ನಲ್ಲ, ನಮ್ಮವರನ್ನು ಕೇಳಿ ಮಾತ್ರೆ ಹೆಚ್ಚು ಮಾಡಿದರು, ಅದು ನನಗೆ ತಿಳಿದದ್ದು ಆಮೇಲೆ. ನಾನು ಡೈರಿಯಲ್ಲಿ ಕೂತು, ಇವರ ಹಾಲಿಗೆ ನೀರು ಬಿದ್ದಿದೆ ಅಂತ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚುತ್ತಿದ್ದೆ. ಕಾಯಿಲೆಗಿಂತ ಇದು ನನ್ನನ್ನು ಹೆಚ್ಚು ಕುಗ್ಗಿಸಿತು. ಉಳಿದ ಎಲ್ಲ ಭ್ರಮೆಯೂ ಹೋಗಿ ಇದೊಂದೇ ಯಾಕೆ ಉಳಿಯಿತು ಅಂತ ನನ್ನ ಮೇಲೆ ನಾನೇ ಸಿಟ್ಟಾಗುತ್ತಿದ್ದೆ.

ಗುಟ್ಟು ರಟ್ಟಾದದ್ದು ಮನೆಯ ಅಳಿಯನಿಂದ. ನಮ್ಮ ಯಜಮಾನರ ಅಕ್ಕನ ಗಂಡ ಕೆಂಪಣ್ಣ ಚನ್ನರಾಯಪಟ್ಟಣದವರು, ಅಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದಾರೆ. ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದರು. ಅತ್ತೆ ಮಜ್ಜಿಗೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೋಗಿದ್ದರು. ಮನೆಗೆ ಅಳಿಯ ಬಂದಾಗ ಕಾಯಿಸುವುದುಂಟೇ? ನಾನು ಎಲೆ ಹಾಕಿದೆ. ಒಲೆಯ ಪಕ್ಕ ಬೋಗುಣಿ ಮುಚ್ಚಿ ಒಂದು ಮುದ್ದೆ ಬೇರೆ ಇಟ್ಟಿತ್ತು. ಅದು ದಿನವೂ ನನಗೆ ಎತ್ತಿಡುವುದೇ, ಆದರೆ ಅದರಲ್ಲಿ ಏನೂ ಇಲ್ಲ ಅಂತ ಆಗಲೇ ನಂಬಿದ್ದೆನಲ್ಲ. ಬೇರೆ ಎತ್ತಿಟ್ಟದ್ದು ಅಂದರೆ ಅದೇ ಒಳ್ಳೆಯದು, ನಯವಾದದ್ದು, ಅಳಿಯನಿಗೆ ಅದೇ ಸರಿ ಅಂತ ತೆಗೆದು ಬಡಿಸಿದೆ. ಎರಡು ಗುಳಿಯಲ್ಲೂ ತುಪ್ಪ ತುಂಬಿದೆ.

ಕರಿಬೇವು ಹಿಡಿದು ಬಂದ ಅತ್ತೆ ಎಲೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಅಳಿಯ ಆಗಲೇ ಅರ್ಧ ನುಂಗಿ, "ಮುದ್ದೆ ಅಂದ್ರೆ ಇದು ಕಣತ್ತೆ" ಅನ್ನುತ್ತಿದ್ದರು.

"ಅಯ್ಯೋ, ಅದ್ ಬ್ಯಾಡ ಕಣಪ್ಪ, ಅದು ತಣ್ಗಾಗೈತೆ, ಬ್ಯಾರೆ ಕೊಡ್ತೀನಿ ತತ್ತಾ" ಅಂತ ಅತ್ತೆ ಎಲೆಗೇ ಕೈ ಹಾಕಿದರು.

"ಬುಡಿ ಅತ್ತೆ, ಬಿಸಿಯಾಗೇ ಐತೆ."

"ಕೊಡಪ್ಪ ಅಂದ್ರೆ!"

ಅಳಿಯನ ಎಲೆಯಿಂದ ಮುದ್ದೆ ಕಿತ್ತುಕೊಳ್ಳುವ ಅತ್ತೆಯನ್ನು ಹಾಸನ ಜಿಲ್ಲೆಯಲ್ಲಿ ಯಾರಾದರೂ ಕಂಡಿದ್ದೀರಾ? ಕೆಂಪಣ್ಣನವರು ಎಡಗೈಯನ್ನು ಎಲೆಗೆ ಅಡ್ಡ ಇಟ್ಟುಕೊಂಡು, ಬಲಗೈಯಲ್ಲಿ ಉಳಿದರ್ಧವನ್ನು ಒಂದೇ ಉಸಿರಿಗೆ ನುಂಗಿಬಿಟ್ಟರು. ಊಟವಾಗಿ ಸ್ವಲ್ಪ ಹೊತ್ತಿಗೆ ಜಗಲಿಯ ಮೇಲೆ ಒರಗಿದವರು ಸಂಜೆ ಹಾಲು ಕರೆಯುವ ಹೊತ್ತಾದರೂ ಏಳಲಿಲ್ಲ. ಅತ್ತೆ ಹೋಗಿ ಹೋಗಿ ಅವರ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬರುತ್ತಿದ್ದರು. ಕೊನೆಗೆ ಕೆಂಪಣ್ಣನವರು ಬಾಯಿ ಒಣಗಿಸಿಕೊಂಡು ಎದ್ದು, "ಮದ್ವೆ ಆದಾಗ್ನಿಂದ ಇಂತಾ ನಿದ್ದೆ ಮಾಡಿರ್ನಿಲ್ಲ ಕಣ ರಾಜಣ್ಣ" ಅಂತ ಒಂದು ಚೊಂಬು ನೀರು ಕುಡಿದು, ತೂಕಡಿಸಿಕೊಂಡೇ ಯಜಮಾನರ ಬೈಕಿನ ಹಿಂದೆ ಬಸ್‌ಸ್ಟ್ಯಾಂಡಿಗೆ ಹೋದರು.

ಈಗ ಇದನ್ನು ಹೇಳಿಕೊಂಡು ನಾವೆಲ್ಲ ನಗುತ್ತೇವೆ. ಆ ದಿನ ನಾನು ನಗಲಿಲ್ಲ. ಅತ್ತೆಯ ಮುಖ ನೋಡಿದೆ. ಅವರು ನೆಲ ನೋಡಿದರು. ನನ್ನ ಬೆರಳು ಏಳು ತಿಂಗಳು ನಿಜವನ್ನೇ ಹೇಳಿತ್ತು.

ಅವತ್ತಿನಿಂದ ಮನೆಯ ಊಟ ಬಿಟ್ಟೆ. ಸಿಪ್ಪೆ ಇರುವುದನ್ನು ಮಾತ್ರ ತಿನ್ನುತ್ತಿದ್ದೆ. ಬಾಳೆಹಣ್ಣು, ಕಡಲೆಕಾಯಿ, ನಾನೇ ಬೇಯಿಸಿ ನಾನೇ ಸುಲಿದ ಮೊಟ್ಟೆ. ದೇವರು ಮುಚ್ಚಿ ಕಳಿಸಿದ್ದು ಬಿಟ್ಟು ಮನುಷ್ಯರು ಮುಟ್ಟಿದ್ದು ಬೇಡ. ಅತ್ತೆ ಬಾಗಿಲಾಚೆ ಕೂತು, "ಒಂದ್ ತುತ್ತು ಉಣ್ಣು ಮಗ, ಏನೂ ಹಾಕಿಲ್ಲ, ಈಗ ನಿಜವಾಗ್ಲೂ ಹಾಕಿಲ್ಲ" ಅಂತ ಅಳುತ್ತಿದ್ದರು. ಆಣೆ ಹಾಕಲಿಲ್ಲ. ಊಟದ ಜೊತೆ ಔಷಧಿಯೂ ನಿಂತಿತಲ್ಲ, ಒಂದೂವರೆ ತಿಂಗಳಿಗೆ ಯಂತ್ರ ಮತ್ತೆ ಬಯ್ಯತೊಡಗಿತು, ಈ ಸಲ ಡೈರಿಯಲ್ಲಲ್ಲ, ಮನೆಯ ಗೋಡೆಯೊಳಗಿಂದ. ಮೈಯಲ್ಲಿ ಮೂಳೆ ಮಾತ್ರ ಉಳಿದವು. ಅಣ್ಣ ಕಾರು ತಂದ. ನನ್ನನ್ನು ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸಿದರು.

ಆ ಆಸ್ಪತ್ರೆಯಲ್ಲಿ ನಮ್ಮ ವಿಭಾಗದ ಪಕ್ಕವೇ ಕಣ್ಣಿನ ವಿಭಾಗ. ಹೊರಗೆ ಕಾಯುವವರು ಯಾರೂ ನಮ್ಮ ಬೋರ್ಡಿನ ಕೆಳಗೆ ಕೂರುವುದಿಲ್ಲ, ಎಲ್ಲರೂ ಕಣ್ಣಿನ ಬೋರ್ಡಿನ ಕೆಳಗೆ. ಗುರುತಿನವರು ಸಿಕ್ಕರೆ ಕಣ್ಣು ತೋರಿಸಲು ಬಂದೆವು ಅನ್ನಬಹುದಲ್ಲ. ಆಮೇಲಾಮೇಲೆ ನನಗೆ ಪರಿಚಯವಾದ ಚನ್ನರಾಯಪಟ್ಟಣದ ಹೆಂಗಸೊಬ್ಬರು ಐದು ವರ್ಷದಿಂದ ಕಣ್ಣು ತೋರಿಸುತ್ತಿದ್ದರು. ಸೂಜಿಗೆ ನನಗಿಂತ ಮೊದಲು ದಾರ ಪೋಣಿಸುವ ಕಣ್ಣು ಅವರದು.

ವಾರ್ಡಿನ ಮೊದಲ ಬೆಳಿಗ್ಗೆ ಸಿಸ್ಟರ್ ಫಿಲೋಮಿನಾ ಬಂದರು. ಶೆಟ್ಟಿಹಳ್ಳಿ ಕಡೆಯವರು, ನನಗಿಂತ ಹಿರಿಯರು, ಗಟ್ಟಿ ದನಿ. ಉಳಿದ ಕಡೆ ಕಂಡಿದ್ದ ಹಾಗೆ ಬಟ್ಟಲಿನಲ್ಲಿ ಬಿಡಿ ಮಾತ್ರೆ ತರಲಿಲ್ಲ. ಮಾತ್ರೆಗಳ ಒಡೆಯದ ಹಾಳೆಯನ್ನೇ, ಸ್ಟ್ರಿಪ್ಪನ್ನೇ, ತಂದು ನನ್ನ ಕೈಗೆ ಕೊಟ್ಟರು.

"ಓದ್ಕಳಿ ಜಯಮ್ಮ. ಹೆಸರು, ತಾರೀಕು, ಎಲ್ಲ ನೋಡ್ಕಳಿ. ಆಮೇಲೆ ನೀವೇ ಒತ್ತಿ ತೆಗೀರಿ."

"ಬ್ಯಾಡ ಅಂದ್ರೆ?"

"ಬ್ಯಾಡ ಅಂದ್ರೆ ಹಾಳೆ ವಾಪಸ್ ಕೊಡಿ. ಮಧ್ಯಾಹ್ನ ಇನ್ನೊಂದ್ಸಲ ಕೇಳ್ತೀನಿ. ಕೇಳೋದು ನನ್ ಕೆಲ್ಸ, ಬೇಜಾರಿಲ್ಲ."

ಎರಡು ದಿನ ವಾಪಸು ಕೊಟ್ಟೆ. ಅವರು ಮುಖ ಗಂಟಿಕ್ಕಲಿಲ್ಲ, ಗದರಲಿಲ್ಲ, ಹೊತ್ತುಹೊತ್ತಿಗೆ ಬಂದು ಕೇಳಿದರು. ಊಟವೂ ಹಾಗೆಯೇ. ಬಡಿಸುವ ಗಾಡಿಯ ಹತ್ತಿರ ನನ್ನನ್ನೇ ಕರೆದುಕೊಂಡು ಹೋಗಿ, ಎಲ್ಲರಿಗೂ ಹಾಕುವ ಪಾತ್ರೆಯಿಂದಲೇ ನನ್ನ ಕೈಯಲ್ಲೇ ಬಡಿಸಿಕೊಳ್ಳಲು ಬಿಟ್ಟರು. ಮೂರನೇ ದಿನ ಮಾತ್ರೆಯ ತಾರೀಕು ಎರಡು ಸಲ ಓದಿ, ಒತ್ತಿ ತೆಗೆದು, ನುಂಗಿದೆ. "ತ್ಯಾಂಕ್ಸ್ ಕಣಮ್ಮ" ಅಂದರು ಸಿಸ್ಟರ್. ನನ್ನ ಕಾಯಿಲೆಗೆ ನಾನು ಮಾತ್ರೆ ನುಂಗಿದ್ದಕ್ಕೆ ಅವರು ನನಗೆ ತ್ಯಾಂಕ್ಸ್ ಹೇಳಿದರು.

ಡಾಕ್ಟರ್ ವನಜಾ ಅಂತ ಒಬ್ಬರು ನನ್ನನ್ನು ನೋಡಿಕೊಳ್ಳುತ್ತಿದ್ದರು. ಅವರ ಕೋಣೆಯಲ್ಲಿ ಎರಡೂ ಕುರ್ಚಿಗಳೇ. ಯಜಮಾನರನ್ನು, "ಸಾರ್, ಮೊದಲು ಇವರ ಹತ್ತಿರ ಮಾತಾಡ್ತೀನಿ, ಆಮೇಲೆ ನಿಮ್ಮನ್ನ ಕರೀತೀನಿ" ಅಂತ ಹೊರಗೆ ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ, ಯಂತ್ರ, ಗೋಡೆ, ಕ್ಯಾನಿನ ವಿಷ, ಮುದ್ದೆ, ಕೆಂಪಣ್ಣನವರ ನಿದ್ದೆ. ಅವರು ನಡುವೆ ನಗಬಾರದೆಂದು ತುಟಿ ಕಚ್ಚಿಕೊಂಡಿದ್ದು ನನಗೆ ಕಂಡಿತು, ಅದರಿಂದ ನನಗೆ ಧೈರ್ಯವೇ ಬಂತು. ಆಮೇಲೆ ಅತ್ತೆಯನ್ನೂ ಯಜಮಾನರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು.

ಮರುದಿನ ನನ್ನನ್ನು ಕರೆಸಿ ನನ್ನ ಫೈಲ್ ತೆರೆದರು. "ಜಯಮ್ಮ, ಹಳೇ ಚೀಟಿ ನೋಡಿ ನಮ್ಮಲ್ಲೂ ನಿಮ್ಮ ಫೈಲಲ್ಲಿ 'ಊಟದಲ್ಲಿ ಏನೋ ಬೆರೆಸುತ್ತಾರೆಂಬ ಭ್ರಮೆ' ಅಂತ ಬರೆದುಕೊಂಡಿದ್ದಾರೆ. ನಾನು ಅದರ ಕೆಳಗೆ ಇವತ್ತು ಹೀಗೆ ಬರೆದಿದ್ದೀನಿ, ಕೇಳಿ" ಅಂದು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದರು: "ಮನೆಯವರನ್ನು ವಿಚಾರಿಸಲಾಗಿ, ಇದು ನಿಜವೆಂದು ತಿಳಿದುಬಂದಿದೆ. ಇದನ್ನು ರೋಗಲಕ್ಷಣವೆಂದು ಪರಿಗಣಿಸತಕ್ಕದ್ದಲ್ಲ." ಕೆಳಗೆ ಅವರ ಸಹಿ.

ನಾನು ಆ ಸಾಲನ್ನು ಇನ್ನೊಂದು ಸಲ ಓದಿಸಿದೆ.

"ಹಂಗಾದ್ರೆ ಗೋಡೆ ಮಾತಾಡೋದೂ ನಿಜ ಏನಮ್ಮ?" ಅಂತ ಕೇಳಿದೆ.

"ಇಲ್ಲ. ಅದು ಕಾಯಿಲೆ. ಮುದ್ದೆಯದು ನಿಜ. ಎರಡನ್ನೂ ಒಂದೇ ಪಾತ್ರೆಗೆ ಸುರಿದುಬಿಟ್ಟಿದ್ದರು, ಅಷ್ಟೇ. ನಮ್ಮ ಕಸುಬಿನವರು ಹೀಗೆ ಮಾಡಬಾರದಿತ್ತು. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ ಜಯಮ್ಮ."

ಅಲ್ಲಿಯವರೆಗೆ ಗೋಡೆಯ ಮಾತು ಕಾಯಿಲೆ ಅಂತ ಹತ್ತು ಜನ ಹೇಳಿದ್ದರು, ನಾನು ನಂಬಿರಲಿಲ್ಲ. ಆ ದಿನ ನಂಬಿದೆ. ನಿಜವಾದದ್ದನ್ನು ನಿಜ ಅಂದವರು ಸುಳ್ಳಾದದ್ದನ್ನು ಸುಳ್ಳು ಅಂದರೆ ನಂಬುವುದು ಕಷ್ಟವಲ್ಲ. ಔಷಧಿ ಕೆಲಸ ಮಾಡಿದ್ದು ಆಮೇಲೆ. ನಾನು ಹುಷಾರಾಗಲು ಒಪ್ಪಿದ್ದು ಆ ಸಹಿಯ ಎದುರಿಗೆ.

ಅತ್ತೆಯ ಹತ್ತಿರ ಡಾಕ್ಟರು ಮಾತಾಡಿದ್ದು ನನ್ನೆದುರಿಗೇ. ಅತ್ತೆ ಜಗಳಕ್ಕೆ ಸಿದ್ಧರಾಗಿಯೇ ಬಂದಿದ್ದರು, ಸೆರಗು ಬಿಗಿದು.

"ಏನ್ ಡಾಕ್ಟ್ರಮ್ಮ, ಸೊಸೆ ನಿದ್ದಿಲ್ದೆ ಸಾಯ್ತಾ ಅವ್ಳೆ, ಮಾತ್ರೆ ಬ್ಯಾಡ ಅಂತಾಳೆ. ನಾನ್ ನೋಡ್ಕಂಡು ಸುಮ್ಕಿರ್ಲಾ?"

"ಸುಮ್ಮನಿರೋಕಾಗಲ್ಲ ಅಮ್ಮ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೂ ಸುಮ್ಮನಿರ್ತಿರಲಿಲ್ಲ. ನಿಮಗೆ ದಾರಿ ಹೇಳಿದವರು ತಪ್ಪು ದಾರಿ ಹೇಳಿದ್ರು. ನಿಮ್ಮ ಅಳಿಯ ದೊಡ್ಡ ಕಾಯಿಲೆಯವರಾಗಿದ್ದು ಅವರ ಪ್ರಾಣಕ್ಕೆ ಬಂದಿದ್ರೆ?"

ಅತ್ತೆ ಬಿಗಿದ ಸೆರಗನ್ನು ಸಡಿಲಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ಅವತ್ತು ನಾನ್ ಜೀವ ಕೈಲಿ ಇಡ್ಕಂಡಿದ್ದೆ ಕಣವ್ವ" ಅಂದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಮನೆಗೆ ಬಂದೆ. ಮಾತ್ರೆಯ ಡಬ್ಬಿ ನನ್ನ ಹತ್ತಿರವೇ, ದಿನವೂ ನಾನೇ ಒತ್ತಿ ತೆಗೆದು ನುಂಗುತ್ತೇನೆ. ಗೋಡೆ ಸುಮ್ಮನಾಯಿತು. ಡೈರಿಯ ಸೆಕ್ರೆಟರಿ ನನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸದೆ ಇಟ್ಟಿದ್ದರು. ಎಲ್ಲವೂ ಸರಿಹೋಯಿತು, ಊಟವೊಂದನ್ನು ಬಿಟ್ಟು. ನನಗೆ ಎಲ್ಲ ಗೊತ್ತು, ಇನ್ನು ಬೆರೆಸುವುದಿಲ್ಲ ಅಂತಲೂ ಗೊತ್ತು, ಆದರೂ ಅತ್ತೆ ಕಟ್ಟಿದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇರೆ ಪಾತ್ರೆಯಲ್ಲಿ ಅನ್ನ ಮಾಡಿಕೊಂಡು ಉಣ್ಣುತ್ತಿದ್ದೆ. ಅತ್ತೆ ಎದುರಿಗೆ ಕೂತು ತಮ್ಮ ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತಾ ಇದ್ದುಬಿಡುತ್ತಿದ್ದರು. ಹಾಗೆ ಎಂಟು ತಿಂಗಳು.

ಒಂದು ದಿನ ಅವರೇ ಒಂದು ದಾರಿ ಹುಡುಕಿದರು. "ಜಯಾ, ನೀನ್ ಹಿಟ್ಟು ತೊಳ್ಸು, ನಾನ್ ಕಟ್ತೀನಿ. ಎಲ್ಲಾನೂ ಒಂದೇ ತಟ್ಟೇಲಿ ಇಡ್ತೀನಿ. ಯಾವ್ದ್ ಬೇಕೋ ಮೊದ್ಲು ನೀನ್ ಎತ್ಕೊ. ಉಳಿದದ್ದು ನಾವ್ ಉಣ್ತೀವಿ." ಗಂಡಸರು ಕೂತಿರುವಾಗ ಸೊಸೆ ಮೊದಲು ಆರಿಸುವುದು ನಮ್ಮ ಕಡೆ ಇಲ್ಲ. ನೆಂಟರು ಬಂದಾಗಲೂ ಅತ್ತೆ ತಟ್ಟೆಯನ್ನು ನನ್ನ ಮುಂದೆಯೇ ಹಿಡಿದರು. ಯಾರೋ ಮುಸಿಮುಸಿ ನಕ್ಕರೆ, "ನಮ್ಮನೆ ಪದ್ಧತಿ ಇದು, ಉಣ್ಣಂಗಿದ್ರೆ ಉಣ್ರಪ್ಪ" ಅಂದರು. ಮೊದಲ ದಿನ ಅರ್ಧ ಮುದ್ದೆ ಇಳಿಯಿತು. ಅತ್ತೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದರು.

ಆದರೂ ಒಂದು ಮುಳ್ಳು ಉಳಿದಿತ್ತು. ಡಾಕ್ಟರ್ ವನಜಾ ಒಂದು ಸಲ, "ಮತ್ತೆ ಹುಷಾರು ತಪ್ಪಿದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಈಗಲೇ ಬರೆದಿಡಿ ಜಯಮ್ಮ. ಅದಕ್ಕೆ ಕಾನೂನಿನಲ್ಲೇ ಅವಕಾಶ ಇದೆ" ಅಂದಿದ್ದರು. ಬರೆದೆ. ಮೊದಲು ನನ್ನನ್ನು ಕೇಳಿ, ಒಪ್ಪದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ, ಊಟದಲ್ಲಿ ಬೆರೆಸಬೇಡಿ. ಯಜಮಾನರು ಸಹಿ ಹಾಕಿದರು. ಅತ್ತೆಗೆ ಕಾಗದ ಕೊಟ್ಟರೆ ಹಿಂದಕ್ಕೆ ತಳ್ಳಿದರು. "ನೋಡಾಣ ಬುಡವ್ವ" ಅಂದರು. ಯಾಕೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಮತ್ತೆ ಕಾಯಿಲೆ ಬಂದರೆ ಇವರು ಬೆರೆಸಿಯೇ ಬೆರೆಸುತ್ತಾರೆ ಅಂದುಕೊಂಡೆ. ದಿನವೂ ಅವರ ಜೊತೆ ನಗುತ್ತಿದ್ದೆ, ತಲೆ ಬಾಚಿಸಿಕೊಳ್ಳುತ್ತಿದ್ದೆ, ಆ ಹೆದರಿಕೆ ಮಾತ್ರ ಒಳಗೇ ಇತ್ತು.

ಕಳೆದ ವರ್ಷ ಡಾಕ್ಟರು ಫೋನ್ ಮಾಡಿದರು. ಜಿಲ್ಲೆಯ ನರ್ಸುಗಳಿಗೆ, ಹೊಸ ಡಾಕ್ಟರುಗಳಿಗೆ ಹಾಸನದಲ್ಲಿ ಒಂದು ದಿನದ ತರಬೇತಿ, ನೀವು ಬಂದು ನಿಮ್ಮ ಅನುಭವ ಹೇಳಿ ಅಂದರು. ನಾನು ಹೆದರಿಕೊಂಡೇ ಒಪ್ಪಿದೆ. ಅತ್ತೆಯೂ ಗೌರಿ ಹಬ್ಬದ ಸೀರೆ ಉಟ್ಟು ಹೊರಟರು. "ನೀನ್ ನನ್ ಮ್ಯಾಲೆ ಏನೇನ್ ಹೇಳ್ತೀಯೋ, ನಾನೂ ಇರ್ಬೇಕಲ್ಲ."

ಸಭಾಂಗಣದ ತುಂಬ ಎಳೆಯ ಮುಖಗಳು, ತೊಡೆಯ ಮೇಲೆ ಪುಸ್ತಕ. ನಾನು ಮೈಕು ಹಿಡಿದು ಕ್ಲಿನಿಕ್ಕಿನ ಸ್ಟೂಲಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅಳಿಯನ ಎಲೆಗೆ ಕೈ ಹಾಕಿದ್ದನ್ನು ಹೇಳಿದಾಗ ಎಲ್ಲರೂ ನಕ್ಕರು, ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬಳು ಹುಡುಗಿ, ಈಗಷ್ಟೇ ನರ್ಸಿಂಗ್ ಮುಗಿಸಿದವಳು, ಎದ್ದು ನಿಂತಳು. ಅವಳು ನನ್ನನ್ನು ಕೇಳಲಿಲ್ಲ.

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ಆದ್ರೆ ಬೆರೆಸಿ ಕೊಟ್ಟಿದ್ದಕ್ಕೇ ಅಲ್ವಾ ಇವರು ಮೊದಲು ಹುಷಾರಾಗಿದ್ದು? ಮತ್ತೆ ಹಂಗೇ ಆಗಿ, ಇವರು ಮಾತ್ರೆ ಮುಟ್ಟದೇ ಇದ್ರೆ ನೀವೇನ್ ಮಾಡ್ತೀರ?"

ಎರಡು ವರ್ಷದಿಂದ ನಾನು ಕೇಳದೆ ನುಂಗಿಕೊಂಡಿದ್ದ ಪ್ರಶ್ನೆಯನ್ನು ಆ ಮಗು ಎಷ್ಟು ಸಲೀಸಾಗಿ ಕೇಳಿಬಿಟ್ಟಿತು. ಅತ್ತೆ ಎದ್ದರು. ಮೈಕು ಕೊಡಲು ಹೋದೆ, ಬೇಡವೆಂದರು. ಅವರ ದನಿಗೆ ಮೈಕು ಬೇಕಾಗಿಯೂ ಇಲ್ಲ.

"ಹುಸಾರಾದ್ಲು ಕಣವ್ವ, ಸುಳ್ಯಾಕೆ ಹೇಳ್ಲಿ. ಡಾಕ್ಟ್ರಮ್ಮ ಹೇಳಿ ಬರ್ಸಿದ್ ಕಾಗ್ದಕ್ಕೆ ಸೈನ್ ಹಾಕು ಅಂದ್ರು, ನಾನ್ ಹಾಕ್ನಿಲ್ಲ. ಇವ್ಳ ನೆತ್ತಿ ಮುಟ್ಟಿ ಸುಳ್ಳಾಣೆ ಇಟ್ಟ ಕೈಯಿದು, ಈ ಕೈಲಿ ಇನ್ನೊಂದ್ ಸೈನ್ ಹಾಕಿದ್ರೆ ಯಾರ್ ನಂಬ್ತಾರೆ ಅಂತ ಸುಮ್ಕಾದೆ. ಈಗ ನೀನ್ ಕೇಳ್ದೆ, ಹೇಳ್ತೀನಿ. ಮೊದ್ಲು ಇವ್ಳನ್ನೇ ಕೇಳ್ತೀನಿ. ಬ್ಯಾಡ ಅಂದ್ರೆ ನಾಳೀಕೆ ಕೇಳ್ತೀನಿ. ಆಮ್ಯಾಕೆ ಸಿಸ್ಟರಮ್ಮಂಗೆ ಫೋನ್ ಮಾಡ್ತೀನಿ, ಕಾಲಿಡ್ಕಂಡಾದ್ರೂ ಆಸ್ಪತ್ರೆಗೆ ಕರ್ಕಬತ್ತೀನಿ. ಬೆರ್ಸಾಕಿಲ್ಲ."

"ಬೆರೆಸೋದು ಸುಲಭ ಅಲ್ವಾ ಅಜ್ಜಿ?"

"ಸುಲ್ಬ ಕಣವ್ವ. ನಿಮ್ಮ ಪುಸ್ತಕದಾಗೆ ಮಾತ್ರೆ ನುಂಗಿದ್ರೆ ಏನೇನ್ ಆಯ್ತದೆ ಅಂತ ಬರ್ದಿರ್ತಾರಲ್ಲ, ಬಾಯಿ ಒಣಗ್ತದೆ, ಮೈ ದಪ್ಪ ಆಯ್ತದೆ, ನಿದ್ದೆ ಜಾಸ್ತಿ ಅಂತ. ಅದ್ರ ಕೆಳ್ಗೆ ಇದ್ನೂ ಬರ್ಕೊ. ಗೊತ್ತಾಗ್ದಂಗೆ ಕೊಟ್ರೆ, ಸೊಸೆ ಎಂಟು ತಿಂಗ್ಳು ಅತ್ತೆ ಕೈಲಿ ಒಂದ್ ತುತ್ತು ಉಣ್ಣಾಕಿಲ್ಲ."

ಅಷ್ಟು ಜನರ ಎದುರಿಗೆ ನಾನು ಮೈಕು ಕೆಳಗಿಟ್ಟು ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟೆ. "ಸುಮ್ಕಿರು ಮಗ, ಎಲ್ರೂ ನೋಡ್ತಾವ್ರೆ" ಅಂದರು ಅತ್ತೆ. ಕಣ್ಣೊರೆಸಿಕೊಂಡು ತಲೆಯೆತ್ತಿ ನೋಡಿದೆ. ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ, ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.